ಬೆನ್ನು ಮಾತ್ರ ಕಾಣುತ್ತಿದ್ದ ಹುಡುಗಿ

ನಮ್ಮ ಮನೆಯಲ್ಲಿ ಮಾತಾಡಬೇಕೆಂದರೆ ಮೊದಲು ಮುಖ ತೋರಿಸಬೇಕಿತ್ತು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ನಡುಮನೆಯ ಗೋಡೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಕರೆಂಟು ಇರುವಷ್ಟು ಹೊತ್ತೂ ಮಗ್ಗಗಳು ಬಡಿದುಕೊಳ್ಳುತ್ತಲೇ ಇರುತ್ತಿದ್ದವು. ಊಟಕ್ಕೆ ಬಡಿಸುತ್ತಿದ್ದ ಅಮ್ಮ "ಇನ್ನೊಂದು ಮುದ್ದೆ ಹಾಕ್ಲಾ?" ಎಂದು ಕೇಳಿದ್ದು ಕಿವಿಗೆ ಬೀಳುತ್ತಿರಲಿಲ್ಲ, ಅವಳ ಹುಬ್ಬು ಮೇಲೇರಿದ್ದು ಕಾಣುತ್ತಿತ್ತು, ಅಷ್ಟೇ. ತುಟಿ ನೋಡಿ, ಹುಬ್ಬು ನೋಡಿ ನಾವು ಮಾತು ತಿಳಿದುಕೊಳ್ಳುತ್ತಿದ್ದೆವು. ಬೆನ್ನು ತಿರುಗಿಸಿಕೊಂಡು ಆಡಿದ ಮಾತು ಆಡದೇ ಇದ್ದ ಹಾಗೆ. ಅದಕ್ಕೇ ನಾನೂ ಅಕ್ಕನೂ ಜಗಳವಾಡಿದಾಗ ಬೈಗುಳಕ್ಕಿಂತ ದೊಡ್ಡ ಶಿಕ್ಷೆ ಎಂದರೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುವುದು. ಅಕ್ಕನಿಗೆ ಅದನ್ನು ಬಹಳ ಹೊತ್ತು ಸಹಿಸಲಾಗುತ್ತಿರಲಿಲ್ಲ. ನನ್ನ ಜಡೆ ಹಿಡಿದೆಳೆದು, "ಲೇ ಕತ್ತೆ, ತಿರುಗೇ ಈ ಕಡೆ" ಅನ್ನುತ್ತಿದ್ದಳು.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಒಂದು ಕಂಪ್ಯೂಟರ್ ಆಟದೊಳಗಿನ ಹುಡುಗಿಯ ಮುಖ ನೋಡಬೇಕೆಂದು ನನ್ನ ಅಕ್ಕ ಹಟ ಹಿಡಿದ ಕಥೆ ಇದು. ಬೇರೆಯವರಿಗೆ ಅದು ಹುಚ್ಚಾಟ ಅನ್ನಿಸಬಹುದು. ನಮ್ಮನೆಯಲ್ಲಿ ಬೆಳೆದವರಿಗೆ ಅನ್ನಿಸುವುದಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲೇ ಅಂಚಿನ ಗ್ರಾಫ್ ಬರೆಯುತ್ತಿದ್ದಳು. ಸೀರೆಯ ಅಂಚಿನಲ್ಲಿ ನವಿಲೋ ಮಾವಿನಕಾಯಿಯೋ ಬರಬೇಕಾದರೆ ಮೊದಲು ಅದನ್ನು ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯಬೇಕು. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ. ಆ ರಟ್ಟು ಮಗ್ಗದ ಮೇಲೇರಿದರೆ ಯಾವ ದಾರ ಏಳಬೇಕು, ಯಾವುದು ಇಳಿಯಬೇಕು ಎಂದು ಗೊತ್ತಾಗುತ್ತದೆ. ಅಕ್ಕ ಬರೆದ ನವಿಲಿಗೆ ಕತ್ತು ತುಸು ಕೊಂಕುತ್ತಿತ್ತು. "ಏನಮ್ಮಾ, ನಿನ್ನ ನವಿಲು ನಮ್ಮನ್ನೇ ಗುರಾಯಿಸುತ್ತಲ್ಲ" ಎಂದು ಅಪ್ಪ ಹೇಳಿದರೆ, "ಮತ್ತೆ? ನೋಡಿಸ್ಕೊಂಡು ಸುಮ್ನೆ ಇರುತ್ತಾ?" ಅನ್ನುತ್ತಿದ್ದಳು. ಬಾಯಿ ಬಹಳ. ನನ್ನ ಬಾಯಿಯೂ ಅವಳಿಂದಲೇ ಬಂದದ್ದು.

ಆಗ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದರು. ಅಮ್ಮನ ತಮ್ಮ, ನಮ್ಮ ಮಾವನ ಜಮೀನು ಅದರ ರಸ್ತೆಗೆ ಹೋಯಿತು. ದ್ರಾಕ್ಷಿ ಚಪ್ಪರ ಇದ್ದಲ್ಲಿ ಜೆಸಿಬಿ ನಿಂತಿತು. ಮಾವ ಹೊಸ ಮನೆ ಕಟ್ಟಿಸಿದ, ನುಣುಪು ಟೈಲ್ಸ್ ಹಾಕಿಸಿ ಬಂದವರನ್ನೆಲ್ಲ ಜಾರಿಸಿದ, ಮಗನ ಓದಿಗೆಂದು ಕಂಪ್ಯೂಟರ್ ತಂದ. ಅತ್ತೆ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಶುಕ್ರವಾರಕ್ಕೊಮ್ಮೆ ಕುಂಕುಮ ಇಡುತ್ತಿದ್ದಳು. ಮಗ ಓದಿದ್ದು ಅಷ್ಟರಲ್ಲೇ ಇದೆ. ಹೈಸ್ಕೂಲಿನ ಗೆಳೆಯರನ್ನು ಕೂರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಆಟ. ಬೇಸಿಗೆ ರಜಕ್ಕೆ ನಾನೂ ಅಕ್ಕನೂ ಅಲ್ಲಿಗೆ ಹೋದಾಗ ಆ ಹುಡುಗರ ಬೆನ್ನ ಹಿಂದೆ ನಿಂತು ನೋಡುವುದೇ ನಮ್ಮ ಪಾಲಿಗೆ ಬಂದದ್ದು.

ಮೊದಲು ನೋಡಿದ ಆಟದಲ್ಲಿ ಕತ್ತಿ ಹಿಡಿದ ಗಂಡಸೊಬ್ಬ ಕೋಟೆಯೊಳಗೆ ನುಗ್ಗುತ್ತಿದ್ದ. ಪರದೆಯ ಮೂಲೆಯಲ್ಲಿ ಅವನ ಮುಖ ಸದಾ ಇರುತ್ತಿತ್ತು. ಪೆಟ್ಟು ತಿಂದರೆ ಮುಖ ಕೆಂಪಾಗುವುದು, ಗೆದ್ದರೆ ನಗುವುದು. ಕೋಟೆಯ ತುದಿಯಲ್ಲಿ ಒಬ್ಬಳು ರಾಣಿ. ಅವಳ ಕೆಲಸ ಕಿಟಕಿಯ ಬಳಿ ಕೈ ಮುಗಿದು ನಿಂತಿರುವುದು. ಇವನು ಒಂದು ವಾರ ಬರದಿದ್ದರೂ ಅವಳು ಹಾಗೇ ನಿಂತಿರುತ್ತಿದ್ದಳು.

"ಅಲ್ಲ ಕಣ್ರೋ," ಅಂದಳು ಅಕ್ಕ, "ಇಷ್ಟೊಂದು ಬಾಗ್ಲು ಇರೋ ಕೋಟೇಲಿ ಇವಳಿಗೆ ಒಂದು ಚಿಲಕ ತೆಗೆಯಕ್ಕೆ ಬರಲ್ವಾ? ಹೊಟ್ಟೆಗೇನು ತಿಂತಾಳೆ? ಯಾರಾದ್ರೂ ಕೇಳಿದ್ದೀರಾ?"

"ಸುಮ್ನಿರಕ್ಕ, ಅವಳು ಪ್ರೈಜು" ಅಂದ ಮಾವನ ಮಗ.

ಆಮೇಲೆ ಎಲ್ಲಿಂದಲೋ ಇನ್ನೊಂದು ಸಿ.ಡಿ. ತಂದರು. ಕವರಿಲ್ಲ, ಚಿತ್ರವಿಲ್ಲ, ಮೇಲೆ ಮಾರ್ಕರಿನಲ್ಲಿ ಒಂದು ನಂಬರು. ಇದರಲ್ಲಿ ಗುಹೆಗಳೊಳಗೆ ಹೋಗುವವಳು ಹುಡುಗಿಯೇ. ಸೊಂಟಕ್ಕೆ ಹಗ್ಗ, ಕೈಯಲ್ಲಿ ದೀಪ. ಅಕ್ಕನ ಕಣ್ಣು ಅರಳಿತು, ನನ್ನದೂ. ಆ ಖುಷಿ ಎಷ್ಟು ಹೊತ್ತು? ಹುಡುಗರು ಅವಳನ್ನು ಆಡಿಸುತ್ತಿರಲಿಲ್ಲ, ಬೀಳಿಸುತ್ತಿದ್ದರು. ಪ್ರಪಾತದ ಅಂಚಿಗೆ ನಡೆಸಿಕೊಂಡು ಹೋಗಿ ಬೇಕೆಂದೇ ತಳ್ಳುವುದು. ಬೀಳುವಾಗ ಅವಳೊಂದು ಕೂಗು ಹಾಕುತ್ತಿದ್ದಳು. ಮೊದಲಿನ ಆಟದ ಗಂಡಸು ಬಿದ್ದರೆ ಹೂಂಕರಿಸುತ್ತಿದ್ದ. ಇವಳ ಕೂಗು ಬೇರೆ ಥರ, ಕೇಳಿದರೆ ಮೈ ಜುಮ್ಮೆನ್ನಬೇಕು ಎಂದೇ ಮಾಡಿದ್ದು. "ಇನ್ನೊಂದ್ಸಲ ಬೀಳ್ಸೋ ಗುರು" ಎಂದು ಹುಡುಗರು ಬಿದ್ದೂ ಬಿದ್ದೂ ನಗುತ್ತಿದ್ದರು.

ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಕ್ಕ ಮೊರವನ್ನು ನನ್ನ ಕೈಗೆ ತುರುಕಿ ಬಂದಳು. "ಏಳ್ರೋ ಮೇಲೆ. ಮನೇಲಿ ಅಕ್ಕ ತಂಗಿ ಇಲ್ವಾ ನಿಮ್ಗೆ? ಏಳು ಅಂದೆ!" ಎದ್ದರು. ಅವಳ ದನಿಗೆ ಎದ್ದರೋ, ಅವಳ ಕೈಯಲ್ಲಿದ್ದ ಚಾಕುವಿಗೆ ಎದ್ದರೋ ಗೊತ್ತಿಲ್ಲ. ಅವತ್ತಿನಿಂದ ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ನಮ್ಮದಾಯಿತು.

ಅಕ್ಕ ಬೇಗ ಕಲಿತಳು. ಪರದೆಯ ಮೇಲಿನ ನೆಲವನ್ನೂ ಚೌಕಗಳಾಗಿಯೇ ನೋಡುತ್ತಿದ್ದಳು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರಲಿಲ್ಲ. "ನೋಡೇ ಇವಳ ಬಟ್ಟೆನ. ಹಾವು ಚೇಳು ಇರೋ ಗುಹೆಗೆ ಯಾರಾದ್ರೂ ತೊಡೆ ಬಿಟ್ಕೊಂಡು ಬರ್ತಾರಾ? ತರಚಿದ್ರೆ? ಆ ಕೂದ್ಲು ನೋಡು, ಬಿಚ್ಚಿಬಿಟ್ಟವಳೆ. ನಮ್ಮಪ್ಪನ ಶೆಡ್ಡಿಗೆ ಹಿಂಗೆ ಬಂದಿದ್ರೆ ಬೆಲ್ಟಿಗೆ ಸಿಕ್ಕಿ ಬೋಳಾಗೋಗಿರೋಳು. ಇವಳನ್ನ ಬರೆದೋನು ಯಾವತ್ತೂ ಒಂದು ಕೆಲಸ ಮಾಡೋ ಹೆಂಗಸನ್ನ ನೋಡಿಲ್ಲ ಕಣೇ." ಹೀಗೆ ಬೈಯುತ್ತಲೇ ಅವಳನ್ನು ಒಂದು ಪೆಟ್ಟೂ ಬೀಳದ ಹಾಗೆ ಹಗ್ಗದಿಂದ ಹಗ್ಗಕ್ಕೆ ದಾಟಿಸುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕನ ಕೈ ನಿಂತಿತು. "ಲೇ, ಇವಳ ಮುಖ ನೋಡಿದ್ದೀಯಾ ನೀನು?"

ನಾನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಇಡೀ ಆಟದಲ್ಲಿ ಕಾಣುತ್ತಿದ್ದದ್ದು ಅವಳ ಬೆನ್ನು, ಸೊಂಟ, ಕಾಲು. ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಕ್ಯಾಮೆರಾ ಓಡಿಬಂದು ಅವಳ ಹಿಂದೆಯೇ ನಿಲ್ಲುತ್ತಿತ್ತು. ಅಕ್ಕ ಏನೇನೋ ಉಪಾಯ ಮಾಡಿದಳು. ಗೋಡೆಗೆ ಒರಗಿಸಿ ನೋಡಿದಳು, ಫಕ್ಕನೆ ಹಿಂದಕ್ಕೆ ತಿರುಗಿಸಿ ನೋಡಿದಳು. ಒಂದು ಸಲ ಅರ್ಧ ಕೆನ್ನೆ ಮಿಂಚಿ ಹೋಯಿತು. ನಾವಿಬ್ಬರೂ ಕಿರುಚಿಕೊಂಡದ್ದಕ್ಕೆ ಅತ್ತೆ ಹಲ್ಲಿ ಬಿತ್ತೇನೋ ಎಂದು ಓಡಿಬಂದಳು.

"ಮುಖಾನೇ ಇಲ್ದಿದ್ರೆ ಇವಳು ಏನ್ ಹೇಳ್ತಾಳೆ ಅಂತ ಹೆಂಗೆ ಗೊತ್ತಾಗ್ಬೇಕು?" ಅಂದಳು ಅಕ್ಕ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಕೊನೇಲಿ ತೋರಿಸ್ತಾರೆ ಅನ್ಸುತ್ತೆ. ಎಲ್ಲಾ ಗುಹೆ ದಾಟಿ ಹೊರಗೆ ಬಂದಾಗ ಒಂದ್ಸಲಾನಾದ್ರೂ ತಿರುಗಲೇಬೇಕಲ್ಲ. ನಾನು ನೋಡೇ ನೋಡ್ತೀನಿ."

ಊರಿಗೆ ವಾಪಸು ಬಂದ ಮೇಲೆ ಒಂದು ಗ್ರಾಫ್ ಹಾಳೆಯಲ್ಲಿ ಆ ಹುಡುಗಿಯನ್ನು ಬರೆದಳು. ಕೂದಲು ಬಿಗಿದು ತುರುಬು ಕಟ್ಟಿದಳು, ಕಾಲು ತುಂಬ ಪ್ಯಾಂಟು ತೊಡಿಸಿದಳು, ದುಪಟ್ಟಾವನ್ನು ಭುಜದಿಂದ ಸೊಂಟಕ್ಕೆ ಅಡ್ಡ ಬಿಗಿದಳು, ಶೆಡ್ಡಿನಲ್ಲಿ ಕೆಲಸ ಮಾಡುವಾಗ ತಾನು ಬಿಗಿಯುತ್ತಿದ್ದ ಹಾಗೆ. ಮುಖದ ಜಾಗ ಮಾತ್ರ ಖಾಲಿ. ಯಾಕೆ ಬಿಟ್ಟೆ ಎಂದು ಕೇಳಿದೆ. "ನೋಡ್ದೇ ಹೆಂಗೆ ಬರೀಲೇ?" ಅಂದಳು.

ಮುಂದಿನ ರಜ ಬರುವುದರೊಳಗೆ ಅವಳನ್ನು ನೋಡಲು ಹೊಸಕೋಟೆ ಕಡೆಯಿಂದ ಗಂಡಿನವರು ಬಂದರು. ಗಂಡಿಗೆ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕಾಯಂ ಕೆಲಸ. ಮೆತ್ತನೆ ಮನುಷ್ಯ, ಅವರ ಬಗ್ಗೆ ಇವತ್ತಿಗೂ ನನಗೆ ಕೋಪವಿಲ್ಲ. ಕೋಪವಿದ್ದದ್ದು ಅವರ ಸೋದರತ್ತೆಯ ಮೇಲೆ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಆಕೆ ಅಕ್ಕನಿಗೆ ಹೇಳಿದಳು: "ಎಲ್ಲಿ, ಒಂಚೂರು ಎದ್ ನಿಂತ್ಕೊಳಮ್ಮ. ಹಂಗೇ ಬಾಗ್ಲವರೆಗೂ ನಡಿ. ಹಾಂ, ಅಲ್ಲೇ ನಿಂತ್ಕೋ. ಆ ಕಡೆ ತಿರುಗು, ಜಡೆ ನೋಡಣ."

ಅಕ್ಕ ತಿರುಗಿ ನಿಂತಳು. ಹತ್ತು ಜನ ಅವಳ ಬೆನ್ನು ನೋಡಿದರು. ಬಾಗಿಲ ಮರೆಯಲ್ಲಿದ್ದ ನನಗೆ ಮಾತ್ರ ಅವಳ ಮುಖ ಕಾಣುತ್ತಿತ್ತು. ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು. ನನ್ನ ಕಡೆ ನೋಡಿ, ಕೈಯಲ್ಲಿ ದೀಪ ಹಿಡಿದ ಹಾಗೆ ಮಾಡಿ, ತುಟಿಯಲ್ಲೇ ಅಂದಳು: "ಈಗ ಬೀಳ್ಸ್ತಾರೆ ನೋಡು." ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ.

ಮದುವೆ ಗೊತ್ತಾಯಿತು. ಅದಕ್ಕೆ ಮುಂಚೆ ಹರಕೆ ತೀರಿಸಲು ಎಲ್ಲರೂ ಶಿವಗಂಗೆಗೆ ಹೋದೆವು. ಮೇಲೆ ಕಡಿದಾದ ಬಂಡೆಯ ಮೆಟ್ಟಿಲು, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಅಮ್ಮ ಅಪ್ಪ ಕೆಳಗೇ ಉಳಿದರು. ಅಕ್ಕ ಮುಂದೆ, ನಾನು ಹಿಂದೆ. ದುಪಟ್ಟಾ ಅಡ್ಡ ಬಿಗಿದುಕೊಂಡು ಸರಸರ ಹತ್ತುತ್ತಿದ್ದಳು. "ನೀನೀಗ ಕ್ಯಾಮೆರಾ ಕಣೇ," ಎಂದು ಕೂಗಿದಳು, "ನಾನು ಎತ್ತ ತಿರುಗಿದ್ರೂ ನೀನು ಹಿಂದೇನೇ ಇರ್ಬೇಕು!" ಎಡಕ್ಕೆ ವಾಲಿದರೆ ನಾನೂ ಎಡಕ್ಕೆ, ಬಲಕ್ಕೆ ವಾಲಿದರೆ ನಾನೂ ಬಲಕ್ಕೆ. ಕೆಳಗಿಳಿಯುತ್ತಿದ್ದವರು ಇವಕ್ಕೇನು ಬಂತು ಎಂಬಂತೆ ನೋಡಿದರು. ತುದಿ ತಲುಪಿದ ಮೇಲೆ ಅವಳು ಫಕ್ಕನೆ ತಿರುಗಿ ನಾಲಿಗೆ ಚಾಚಿ ಅಣಕಿಸಿದಳು. ಬೆವರಿಗೆ ಕೂದಲು ಹಣೆಗಂಟಿತ್ತು, ಮೂಗಿನ ತುದಿ ಕೆಂಪಾಗಿತ್ತು. ಆ ಮುಖ ನನಗೆ ಈಗಲೂ ಹಾಗೇ ಇದೆ.

ನಮ್ಮ ಕಡೆ ಮಗಳು ಗಂಡನ ಮನೆಗೆ ಹೊರಟಾಗ ಮಡಿಲು ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಅಡಿಕೆ ಕಟ್ಟಿಕೊಂಡು ಅವಳು ಹೊಸಿಲು ದಾಟಬೇಕು. ದಾಟಿದ ಮೇಲೆ ತಿರುಗಿ ನೋಡಬಾರದು ಎಂಬುದು ನಮ್ಮಮ್ಮನ ಮನೆತನದ ಕಟ್ಟು. ಮದುವೆಯ ದಿನ ಅಕ್ಕ ಹೊಸಿಲು ದಾಟಿದಳು, ಗೇಟಿನವರೆಗೆ ಹೋದಳು, ಅಲ್ಲಿ ತಿರುಗಿ ನನ್ನತ್ತ ನೋಡಿ ಅದೇ ಶಿವಗಂಗೆಯ ಹಾಗೆ ನಾಲಿಗೆ ಚಾಚಿದಳು. ಅಳುತ್ತಿದ್ದ ನಾನು ನಕ್ಕುಬಿಟ್ಟೆ. ಅಮ್ಮ ಎದೆ ಹಿಡಿದುಕೊಂಡು, "ಅಯ್ಯೋ ಅಯ್ಯೋ, ಹಾಳ್ ಮುಂಡೇದೇ, ತಿರುಗ್ಬಿಟ್ಟಳಲ್ಲಪ್ಪಾ" ಅಂದಳು.

ಮುಂದಿನ ವರ್ಷ ಅಕ್ಕನಿಗೆ ನಿಂತ ಗರ್ಭ ಮೂರನೇ ತಿಂಗಳಿಗೆ ಇಳಿದುಹೋಯಿತು. ಡಾಕ್ಟರು ಇದು ಎಷ್ಟೋ ಜನಕ್ಕೆ ಆಗುತ್ತದೆ ಅಂದರು. ಅಮ್ಮನ ತಲೆಗೆ ಅದು ಹೋಗಲಿಲ್ಲ. "ಮಡಿಲು ತುಂಬ್ಕೊಂಡು ತಿರುಗಿದ್ಲಲ್ಲ, ಅದಕ್ಕೇ" ಎಂದು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದಳು. ನಾನು ಜಗಳವಾಡಿದೆ. ನಮ್ಮಮ್ಮನ ಜೊತೆ ಜಗಳವಾಡಿ ಗೆದ್ದವರಿಲ್ಲ.

ಅಕ್ಕ ಎರಡನೇ ಸಲ ಬಸುರಾದಾಗ ವಿಮಾನಗಳು ನಮ್ಮೂರಿನ ಮೇಲೆ ಓಡಾಡಲು ಶುರುವಾಗಿದ್ದವು. ಫೋನು ಮಾಡಿದಾಗಲೆಲ್ಲ ಅಕ್ಕ ಮೊದಲು ಕೇಳುತ್ತಿದ್ದದ್ದು ಆಟದ ಸುದ್ದಿ. "ಎಲ್ಲಿಗೆ ಬಂದ್ಲೇ ನಮ್ಮ ಹುಡುಗಿ? ಮುಖ ನೋಡ್ದ್ಯಾ?" ರಜಕ್ಕೆ ಮಾವನ ಮನೆಗೆ ಹೋದಾಗ ನಾನು ಆಡುತ್ತಿದ್ದೆ, ಆದರೆ ನನಗೆ ಅವಳ ಕೈ ಇರಲಿಲ್ಲ, ಸತ್ತು ಸತ್ತು ಮೇಲೇಳಬೇಕಿತ್ತು. ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಗ್ರಾಫ್ ಹಾಳೆಯೂ ಇರಲಿಲ್ಲ. ಅತ್ತೆಮನೆಯಲ್ಲಿ ಹಸುಗಳಿದ್ದವು, ಮೈದುನಂದಿರಿದ್ದರು, ಬೆಳಗಿನ ಜಾವದ ಪಾಳಿಗೆ ಹೋಗುವ ಗಂಡನಿಗೆ ಬುತ್ತಿ ಇತ್ತು.

ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅಷ್ಟರಲ್ಲಿ ಅವರ ಮನೆಯಲ್ಲಿ ದೊಡ್ಡವರೊಬ್ಬರು ತೀರಿಕೊಂಡು ಸೂತಕವಾಯಿತು. ಸೀಮಂತ ಒಂಬತ್ತಕ್ಕೆ ಹೋಯಿತು. ಸೀಮಂತ ಆಗುವ ತನಕ ಮಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೀಗೆ ಎಂಟನೇ ತಿಂಗಳಲ್ಲಿ ಗೌರಿ ಹಬ್ಬಕ್ಕೆ ಬಂದ ಅಕ್ಕ ಬಾಗಿನ ಕೊಟ್ಟು, ಮಾರನೇ ದಿನವೇ ವಾಪಸು ಹೋಗಬೇಕು ಎಂದಾಯಿತು.

ಅವಳು ಬಾಗಿಲಿಗೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಮುಖ ದುಂಡಗೆ ತುಂಬಿಕೊಂಡಿತ್ತು. ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. "ಏನ್ ಕಳೆ ಬಂದೈತಮ್ಮ ನಿನ್ ಮಗಳ್ಗೆ! ಮುಖ ನೋಡು, ಚಂದ್ರನಂಗೆ." "ಹೆಣ್ಣುಮಗೂನೇ, ಬೇಕಾದ್ರೆ ಬರ್ಕೊ." ಅಮ್ಮ ಹಿಗ್ಗಿ ದೃಷ್ಟಿ ತೆಗೆದಳು. ಅಕ್ಕ ಗಂಡನ ಚಪ್ಪಲಿ ಹಾಕಿಕೊಂಡು ಬಂದಿದ್ದಳು, ಅವಳದು ಕಾಲಿಗೆ ಹಿಡಿಸುತ್ತಿರಲಿಲ್ಲ. ಬಸುರಿಗೆ ಕಾಲು ಊದುವುದು ಇದ್ದದ್ದೇ ಅಂದರು. ತಲೆನೋವು ಅಂದಳು. ಮಗ್ಗದ ಸದ್ದು ಮರೆತುಹೋಗಿದೆ, ಅದಕ್ಕೇ ಅಂದರು. ಕಣ್ಣು ಮಂಜು ಮಂಜು ಅಂದಳು. ಒಂದು ಲೋಟ ಎಳನೀರು ಕೊಟ್ಟರು. ಮುಖ ನೋಡಿಯೇ ಮಾತು ತಿಳಿಯುವ ಮನೆ ನಮ್ಮದು. ಎಲ್ಲರೂ ಅವಳ ಮುಖ ನೋಡಿದರು. ಚೆನ್ನಾಗಿದೆ ಅಂದರು.

ಮಧ್ಯಾಹ್ನ ನನ್ನ ಪಕ್ಕ ಮಲಗಿ ಕೇಳಿದಳು, "ಎಲ್ಲಿಗೆ ಬಂತೇ ಆಟ?"

"ಕೊನೇ ಗುಹೆ. ಆದ್ರೆ ಮಾವನ ಕಂಪ್ಯೂಟರ್ ಕೆಟ್ಟು ಕೂತಿದೆ."

"ರಿಪೇರಿ ಮಾಡ್ಸು ಅನ್ನು ಆ ಸೋಂಬೇರಿಗೆ. ಸೀಮಂತ ಮುಗಿಸ್ಕೊಂಡು ಬರ್ತೀನಲ್ಲ, ಆಗ ಹೇಳ್ಬೇಕು ನೀನು, ಕಣ್ಣು ಹೆಂಗಿದೆ, ಮೂಗು ಹೆಂಗಿದೆ, ಎಲ್ಲಾ. ಹಾಳೇಲಿ ತುಂಬೋಣ." ಆಮೇಲೆ ಹಣೆ ಒತ್ತಿಕೊಂಡಳು. "ಇಲ್ಲೇ ಇದ್ಬಿಡೋಣ ಅನ್ಸುತ್ತೆ ಕಣೇ" ಅಂದಳು.

ಅದನ್ನು ಅಮ್ಮನಿಗೂ ಅಂದಿರಬೇಕು, ಯಾಕೆಂದರೆ ಸಂಜೆ ಅಮ್ಮ ಕೊಬ್ಬರಿ ತುರಿಯುತ್ತ ಅಪ್ಪನ ಹತ್ತಿರ, "ಸೀಮಂತ ಆಗ್ದೇ ಇಟ್ಕೊಂಡ್ರೆ ಬೀಗರು ಏನಂದ್ಕೊಳ್ಳಲ್ಲ? ಇನ್ನೇನು ಒಂದ್ ತಿಂಗಳು" ಅನ್ನುತ್ತಿದ್ದಳು. ಅಮ್ಮನಿಗೂ ಇಟ್ಟುಕೊಳ್ಳುವ ಆಸೆಯೇ. ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

ಮಾರನೇ ಬೆಳಿಗ್ಗೆ ಕರೆಂಟು ಇರಲಿಲ್ಲ. ಬೀದಿಗೆ ಬೀದಿಯೇ ತಣ್ಣಗಿತ್ತು. ಭಾವ ಆಟೋ ತಂದು ಬೀದಿಯ ತಿರುವಿನಲ್ಲಿ ನಿಲ್ಲಿಸಿಕೊಂಡಿದ್ದರು. ಅಮ್ಮ ಅಕ್ಕನ ಮಡಿಲು ತುಂಬಿದಳು, ಈ ಸಲ ಎರಡು ಹಿಡಿ ಹೆಚ್ಚೇ ಹಾಕಿದಳು. ಕೆನ್ನೆ ಹಿಡಿದು, "ಈ ಸಲ ತಿರುಗ್ಬೇಡ ಕಣೇ. ನನ್ನಾಣೆ. ಸೀದಾ ಹೋಗು" ಅಂದಳು. ಅಕ್ಕ ತಲೆಯಾಡಿಸಿದಳು. ಹೊಸಿಲು ದಾಟಿದಳು. ಅಷ್ಟರಲ್ಲಿ ಕರೆಂಟು ಬಂತು. ನಮ್ಮ ಶೆಡ್ಡಿನಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ಮಗ್ಗಗಳು ಒಟ್ಟಿಗೇ ಎದ್ದವು.

ಗೇಟಿನ ಹತ್ತಿರ ಅಕ್ಕ ನಿಂತಳು. ಒಂದು ಕೈ ಮಡಿಲ ಮೇಲಿತ್ತು, ಇನ್ನೊಂದು ಗೇಟಿನ ಮೇಲೆ. ಭುಜ ಮೇಲಕ್ಕೆದ್ದು ಇಳಿಯಿತು. ತಲೆ ಒಂದಿಷ್ಟು ಆಡಿತು, ಮಾತಾಡುವಾಗ ಆಡುವ ಹಾಗೆ. ಏನೋ ಹೇಳುತ್ತಿದ್ದಳು. ನನಗೂ ಅಮ್ಮನಿಗೂ ಅವಳ ಬೆನ್ನು ಕಾಣುತ್ತಿತ್ತು, ಜಡೆ ಕಾಣುತ್ತಿತ್ತು, ಗಂಡನ ಚಪ್ಪಲಿಯೊಳಗಿನ ಊದಿದ ಹಿಮ್ಮಡಿ ಕಾಣುತ್ತಿತ್ತು. ಅಮ್ಮ ಮಗ್ಗದ ಸದ್ದಿನ ಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು: "ತಿರುಗ್ಬೇಡ! ತಿರುಗ್ಬೇಡ ಮಗಳೇ! ಹಂಗೇ ಹೋಗು!"

ಅಕ್ಕ ಇನ್ನೊಂದು ಗಳಿಗೆ ನಿಂತಿದ್ದಳು. ಆಮೇಲೆ ತಿರುಗದೆ ಹೋದಳು.

ಹಬ್ಬ ಕಳೆದು ಹದಿನೈದು ದಿನವೂ ಆಗಿರಲಿಲ್ಲ, ಅವಳಿಗೆ ಫಿಟ್ಸ್ ಬಂತು. ಹೊಸಕೋಟೆಯಲ್ಲಿ ಆಗುವುದಿಲ್ಲ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು, ಅಂಗೈಯಷ್ಟು, ಉಳಿಯಿತು. ಅಕ್ಕ ಉಳಿಯಲಿಲ್ಲ. ಬಿ.ಪಿ. ಏರಿದ್ದು ಯಾರೂ ನೋಡಲಿಲ್ವಾ, ಮುಖ ಕಾಲು ಊದಿರಬೇಕಲ್ಲ, ತಲೆನೋವು ಅಂದಿರಬೇಕಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು. ಅಮ್ಮ ಅವರ ತುಟಿಯನ್ನೇ ನೋಡುತ್ತಿದ್ದಳು. ಅಲ್ಲಿ ಮಗ್ಗದ ಸದ್ದಿರಲಿಲ್ಲ, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

ಅಮ್ಮ ಸಾವಿಗೆ ಅತ್ತದ್ದಕ್ಕಿಂತ ಹೆಚ್ಚು ಆ ಗೇಟಿನ ಮಾತಿಗೆ ಅತ್ತಳು. "ಏನಂದ್ಲೇ ಅವತ್ತು? ನೀನು ಪಕ್ಕದಲ್ಲೇ ಇದ್ಯಲ್ಲ." ನನಗೇನು ಗೊತ್ತು? ಭಾವನನ್ನು ಕೇಳಿದಳು. ಅವರು ಕಣ್ಣೊರೆಸಿಕೊಂಡು, "ಆಟೋದಲ್ಲಿ ಏನೂ ಹೇಳ್ಲಿಲ್ಲ ಅತ್ತೆ, ಸುಮ್ನೆ ಒರಗಿಕೊಂಡಿದ್ಲು" ಅಂದರು. ಇಲ್ಲೇ ಇರುತ್ತೇನೆ ಅಂದಿರಬಹುದು. ಆಗುತ್ತಿಲ್ಲ ಅಂದಿರಬಹುದು. ಹೋಗಿ ಬರ್ತೀನಿ ಅಂತ ಅಷ್ಟೇ ಇರಬಹುದು. "ತಿರುಗಿದ್ರೆ ಕಾಣ್ತಿತ್ತಲ್ಲೇ. ನಾನೇ ಬೇಡ ಅಂದ್ನಲ್ಲೇ" ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ತಿಂಗಳುಗಳಾದ ಮೇಲೆ ಮಾವನ ಮನೆಗೆ ಹೋದೆ. ಕಂಪ್ಯೂಟರ್ ರಿಪೇರಿಯಾಗಿತ್ತು. ಮಾವನ ಮಗ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತ. ಅವನ ಕಣ್ಣು ಒದ್ದೆಯಾಗಿತ್ತು. ಕೊನೆಯ ಗುಹೆ ದಾಟುವುದರಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಹುಡುಗಿ ಬಂಡೆಯ ತುದಿಗೆ ಬಂದಳು. ಅಲ್ಲಿ ಬಿಸಿಲು, ಆಕಾಶ. ಮೇಲಿನಿಂದ ಒಂದು ಹೆಲಿಕಾಪ್ಟರ್ ಇಳಿಯಿತು. ಅಷ್ಟೂ ಆಟದಲ್ಲಿ ಒಮ್ಮೆಯೂ ಕಾಣದಿದ್ದ ಗಂಡಸೊಬ್ಬ ಅದರಿಂದ ಬಗ್ಗಿ ಕೈ ಚಾಚಿದ. ಅವನ ಮುಖ ಪರದೆಯ ತುಂಬ ಬಂತು, ಗಡ್ಡದ ಕೂದಲು ಕೂಡ ಎಣಿಸಬಹುದಿತ್ತು. ಅವನು ನಕ್ಕು ಏನೋ ಅಂದ. ಅವಳು ನಮಗೆ ಬೆನ್ನು ಹಾಕಿಕೊಂಡೇ ಹತ್ತಿದಳು. ಹೆಲಿಕಾಪ್ಟರ್ ಚಿಕ್ಕದಾಗಿ ಮರೆಯಾಯಿತು. ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲೇರಿದವು.

ನಾನು ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. "ತಿರುಗೇ" ಎಂದು ಕಿರುಚಿದೆ. "ತಿರುಗೇ ರಂಡೆ, ಒಂದ್ಸಲ ತಿರುಗು!" ಮಾವನ ಮಗ ಓಡಿಹೋಗಿ ಅತ್ತೆಯನ್ನು ಕರೆತಂದ. ಆಸ್ಪತ್ರೆಯಲ್ಲಿ, ಮಣ್ಣು ಮಾಡುವಾಗ, ತಿಥಿಯಲ್ಲಿ ಬಾರದ ಅಳು ಅವತ್ತು ಬಂತು. ಆಟದ ಆ ಹುಡುಗಿಯನ್ನು ಮಾಡಿದವರಿಗೆ ಮುಖ ಬರೆಯಬೇಕು ಅಂತಲೇ ಅನ್ನಿಸಿರಲಿಲ್ಲ. ಸೊಂಟ ಬರೆದಿದ್ದರು, ಕೂಗು ಹಾಕಿಸಿದ್ದರು. ಅಷ್ಟು ಸಾಕು ಅನ್ನಿಸಿತ್ತು.

ಆ ಮಗುವನ್ನು ಅಮ್ಮನೇ ಸಾಕಿದಳು. ಭಾವ ಬೇರೆ ಮದುವೆಯಾದರೂ ತಿಂಗಳಿಗೊಮ್ಮೆ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಾರೆ. ಅಕ್ಕನ ಕೆಲಸ ನನಗೆ ಬಂತು. ಈಗ ಗ್ರಾಫನ್ನು ಹಾಳೆಯಲ್ಲಿ ಯಾರೂ ಬರೆಯುವುದಿಲ್ಲ, ಕಂಪ್ಯೂಟರಿನಲ್ಲೇ ಚೌಕ ತುಂಬುತ್ತೇನೆ. ಅವಳು ಬರೆದ ಆ ಹಾಳೆ ನನ್ನ ಮೇಜಿನ ಗಾಜಿನ ಕೆಳಗಿದೆ. ಎಷ್ಟೋ ಸಲ ಪೆನ್ಸಿಲ್ ಹಿಡಿದು ಮುಖದ ಚೌಕಗಳನ್ನು ತುಂಬಲು ಹೋಗಿದ್ದೇನೆ. ಶಿವಗಂಗೆಯ ಮುಖ ಗೊತ್ತಿದೆ, ಬರೆಯಬಲ್ಲೆ. ಗೇಟಿನ ಹತ್ತಿರ ಆ ಮುಖ ಹೇಗಿತ್ತು ಎಂಬುದು ಗೊತ್ತಿಲ್ಲವಲ್ಲ ಎಂದು ಪೆನ್ಸಿಲ್ ಕೆಳಗಿಡುತ್ತೇನೆ.

ಮಗು ಈಗ ಹೈಸ್ಕೂಲು. ಮಾತಲ್ಲಿ ಅವರಮ್ಮನೇ. ಕಳೆದ ಗೌರಿ ಹಬ್ಬದ ದಿನ ಜಗುಲಿಯಲ್ಲಿ ಕೂತು ನನ್ನ ಮೊಬೈಲಿನಲ್ಲಿ ಆಡುತ್ತಿತ್ತು. ಇಣುಕಿ ನೋಡಿದೆ. ಮತ್ತೆ ಒಬ್ಬ ಹುಡುಗಿ, ಮತ್ತೆ ಗುಹೆ. ಈಗಿನವಳಿಗೆ ಬಟ್ಟೆಯ ಅಂಗಡಿಯೇ ಇದೆ. ಬಗೆಬಗೆಯ ಅಂಗಿ, ಬೂಟು, ಕೂದಲ ಬಣ್ಣ. ಹಾವು ಚೇಳುಗಳ ನಡುವೆ ಈಗಲೂ ಹೊಕ್ಕುಳು ಬಿಟ್ಟುಕೊಂಡೇ ಓಡುತ್ತಾಳೆ.

"ಇವಳ ಮುಖ ಕಾಣುತ್ತೇನೇ?" ಎಂದು ಕೇಳಿದೆ.

"ಅಯ್ಯೋ ಅದೇನು ಚಿಕ್ಕಮ್ಮ, ಬೆರಳಲ್ಲಿ ಹಿಂಗಂದ್ರೆ ಆಯ್ತು" ಎಂದು ಪರದೆಯ ಮೇಲೆ ಬೆರಳೆಳೆಯಿತು.

ಹುಡುಗಿ ತಿರುಗಿದಳು. ಅಷ್ಟು ಸಲೀಸಾಗಿ. ದೊಡ್ಡ ಕಣ್ಣು, ಸಣ್ಣ ಮೂಗು, ಬಣ್ಣದ ತುಟಿ. ಬೆರಳು ಎಳೆದಷ್ಟೂ ಸಲ ತಿರುಗಿದಳು.

ಅಮ್ಮ ಯಾವಾಗ ಬಂದು ಹಿಂದೆ ನಿಂತಿದ್ದಳೋ ಗೊತ್ತಾಗಲಿಲ್ಲ. ಶೆಡ್ಡಿನಲ್ಲಿ ಮಗ್ಗ ನಡೆಯುತ್ತಿತ್ತು. ಮೊಮ್ಮಗಳ ಕೈಯಿಂದ ಮೊಬೈಲು ತೆಗೆದುಕೊಂಡು, ಬೆರಳಿನಿಂದ ತಾನೇ ಒಂದು ಸಲ ಎಳೆದಳು. ಹುಡುಗಿ ಅಮ್ಮನ ಕಡೆ ತಿರುಗಿದಳು. ಅಮ್ಮ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು ಆ ತುಟಿಯನ್ನೇ ನೋಡುತ್ತ ನಿಂತಳು. ಬಹಳ ಹೊತ್ತು ನೋಡಿದಳು.

"ಏನಂತಾಳೆ?" ಅಂದಳು.

ಮಗು ಅಜ್ಜಿಗೆ ಕೇಳಿಸಲೆಂದು ಅವಳ ಎದುರಿಗೆ ಬಂದು, ತುಟಿ ಬಿಡಿಸಿ ಬಿಡಿಸಿ ಹೇಳಿತು: "ಏನೂ ಅನ್ನಲ್ಲ ಅಜ್ಜಿ. ಬರೀ ತಿರುಗ್ತಾಳೆ."